ಹಳ್ಳದಾಚೆಯವರ ಒಪ್ಪಿಗೆ

ಆಗಸ್ಟ್ ಆರನೆಯ ತಾರೀಖು. ಮೋಡ ಕವಿದಿತ್ತು, ಮಳೆ ಬಂದಿರಲಿಲ್ಲ. ಪಂಚಾಯಿತಿ ಅಧ್ಯಕ್ಷನಾಗಿದ್ದ ಶಿಷ್ಯ ಚನ್ನವೀರಯ್ಯ ಮಠಕ್ಕೆ ಬಂದು ಗುರುಗಳನ್ನು ಕೇಳಿದ:

"ಯಾರೂ ಬೇಡವೆನ್ನದ ತೀರ್ಮಾನಕ್ಕೆ ಸಹಿ ಹಾಕಿದರೆ ತಪ್ಪಾಗುತ್ತದೆಯೇ, ಬುದ್ಧಿ?"

"ಯಾವ ತೀರ್ಮಾನ?"

"ಊರಿನ ಕಸ ಸುರಿಯಲು ಗುಡ್ಡದ ಬುಡದ ಜಾಗ ಗೊತ್ತುಮಾಡಿದ್ದೇವೆ. ನಾಳೆ ಸಹಿ ಹಾಕಬೇಕು. ಅಲ್ಲಿ ಕಲ್ಲು ಒಡೆಯುವವರ ನಾಲ್ಕಾರು ಮನೆಗಳಿವೆ. ಡಂಗುರ ಸಾರಿಸಿದ್ದೆವು. ಅವರು ಸಭೆಗೆ ಬರಲಿಲ್ಲ, ತಕರಾರೂ ಮಾಡಲಿಲ್ಲ."

"ಸಭೆ ಎಷ್ಟು ಹೊತ್ತಿಗಿತ್ತು?"

"ಬೆಳಿಗ್ಗೆ ಹನ್ನೊಂದಕ್ಕೆ."

"ಆಗ ಅವರು ಎಲ್ಲಿರುತ್ತಾರೆ?"

"ಕ್ವಾರಿಯಲ್ಲಿ."

ಗುರುಗಳು ಒಂದು ಕಥೆ ಹೇಳತೊಡಗಿದರು:

ಒಂದು ಊರಿನ ಪಕ್ಕದಲ್ಲಿ ಹಳ್ಳವಿತ್ತು. ಹಳ್ಳದಾಚೆ ಬುಟ್ಟಿ ಹೆಣೆಯುವವರ ಕೇರಿ. ಹಳ್ಳ ತುಂಬಿದಾಗ ಮಾತ್ರ ಊರಿಗೆ ಸೇತುವೆಯ ನೆನಪಾಗುತ್ತಿತ್ತು. ಒಂದು ವರ್ಷ ಸೇತುವೆ ಮಂಜೂರಾಯಿತು. ಎಲ್ಲಿ ಕಟ್ಟಬೇಕೆಂದು ಗೊತ್ತುಮಾಡಲು ಗೌಡ ಸಭೆ ಕರೆದ. ಅಂದು ಹಳ್ಳ ಎರಡೂ ದಡ ಮುಟ್ಟಿ ಹರಿಯುತ್ತಿತ್ತು. ಡಂಗುರದವನು ಬೀದಿಗಳಲ್ಲೆಲ್ಲ ಸಾರಿ ದಡಕ್ಕೆ ಹೋದ. ದಾಟಲಾಗಲಿಲ್ಲ. ಅಲ್ಲಿಂದಲೇ ಆಚೆಗೆ ಮುಖಮಾಡಿ ತಮಟೆ ಬಡಿದು, ಕೂಗಿ ಹಿಂತಿರುಗಿದ.

ಸಭೆಯಲ್ಲಿ ಗೌಡ ಕೇಳಿದ: "ಆಚೆಯವರಿಗೆ ಹೇಳಿದೆಯೇನೋ?"

"ಹೇಳಿದೆ, ಗೌಡ್ರೇ. ನೀರಿನ ಸದ್ದಿಗೆ ಅವರ ಮಾತು ಕೇಳಿಸಲಿಲ್ಲ. ಒಬ್ಬಳು ಹೆಂಗಸು ದಡದಲ್ಲಿ ನಿಂತು ಕೈ ಬೀಸಿದಳು."

"ನೀನೇನು ಮಾಡಿದೆ?"

"ನಾನೂ ಬೀಸಿದೆ."

ಎಣ್ಣೆ ವ್ಯಾಪಾರಿ ನಕ್ಕ. "ಸೇತುವೆ ಬೇಕಿದ್ದವರು ಇಷ್ಟು ಹೊತ್ತಿಗೆ ಇಲ್ಲಿ ಬಂದು ಕೂತಿರುತ್ತಿದ್ದರು ಬಿಡಿ. ನನ್ನ ಗಾಣದ ಹಿಂದೆ ಕಟ್ಟಿದರೆ ಆಚೆಯ ಸಂತೆಗೆ ಹತ್ತಿರ."

ಸಂತೆ ಎಲ್ಲರಿಗೂ ಬೇಕಿತ್ತು. ಯಾರೂ ಬೇಡವೆನ್ನಲಿಲ್ಲ. ಸೇತುವೆ ಗಾಣದ ಹಿಂದೆ ಎದ್ದಿತು. ಅದರ ಆಚೆ ತುದಿಗೂ ಕೇರಿಗೂ ನಡುವೆ ಕಡಿದಾದ ಬಂಡೆಗಳಿದ್ದವು, ದಾರಿಯೇ ಇರಲಿಲ್ಲ.

ಮರುವರ್ಷ ಹಳ್ಳ ಮತ್ತೆ ತುಂಬಿತು. ಆ ಹೆಂಗಸು ಮತ್ತೆ ದಡಕ್ಕೆ ಬಂದಳು. ಈ ಸಲ ಬಹಳ ಹೊತ್ತು ಕೈ ಬೀಸಿದಳು. ಈಚೆಯವರಿಗೆ ಅದು ರೂಢಿಯಾಗಿತ್ತು. ಅವರೂ ಕೈ ಬೀಸಿ, ಸೇತುವೆ ದಾಟಿ ಸಂತೆಗೆ ಹೋದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚನ್ನವೀರಯ್ಯ ಕೇಳಿದ:

"ಕೊನೆಗೆ ಆ ಊರು ಏನು ತೆತ್ತಿತು, ಬುದ್ಧಿ?"

"ಊರು ಏನೂ ತೆರಲಿಲ್ಲ, ಜ್ವರದ ಮಗುವಿಗೆ ವೈದ್ಯನನ್ನು ಕಳಿಸಿರೆಂದು ಕೈ ಬೀಸಿದ್ದವಳು ಆ ಮಗುವನ್ನು ತೆತ್ತಳು."