ಬಲ ಹೆಗಲು, ಎಡ ಹೆಗಲು

ಕಲ್ಲುಹಳ್ಳ ಅಂತ ಒಂದು ರಾಜ್ಯವಿತ್ತು ಕಣ್ರಪ್ಪ. ಗುಡ್ಡ ಜಾಸ್ತಿ, ಬಯಲು ಕಡಿಮೆ. ಆಚೆ ಸೀಮೆಗೆ ಹೋಗಬೇಕಾದರೆ ನರಿಕಣಿವೆ ದಾಟಬೇಕು. ಗಾಡಿ ಹೋಗದ ದಾರಿ. ಕಾಲಲ್ಲಿ ಶಕ್ತಿ ಇದ್ದವರು ನಡೆಯುತ್ತಿದ್ದರು, ಇಲ್ಲದವರು ಪಲ್ಲಕ್ಕಿ ಹತ್ತುತ್ತಿದ್ದರು.

ಪಲ್ಲಕ್ಕಿ ಹೊರುವ ಮನೆತನ ಎರಡು. ಕೋಟೆಮನೆಯವರು ಕೆಂಪು ರುಮಾಲಿನವರು, ಅವರ ಯಜಮಾನ ಓಬಣ್ಣ. ಹೊಳೆಮನೆಯವರು ಬಿಳಿ ರುಮಾಲಿನವರು, ಅವರ ಯಜಮಾನ ಕದರಪ್ಪ. ಕೋಟೆಮನೆಯವರು ಬಲ ಹೆಗಲ ಮೇಲೆ ಹೊರುವವರು. ಹೊಳೆಮನೆಯವರದು ಎಡ ಹೆಗಲು. ಅಪ್ಪ ಹೊತ್ತ ಹಾಗೆ ಮಗ, ಮಗ ಹೊತ್ತ ಹಾಗೆ ಮೊಮ್ಮಗ. ಹೊತ್ತು ಹೊತ್ತು ಹೆಗಲಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು ಎದ್ದಿರುತ್ತಿತ್ತು. ಆ ಗಂಟೇ ಮನೆತನದ ಗುರುತು. ಹೆಣ್ಣು ಕೊಡುವವರು ಗಂಡಿನ ಮುಖ ಆಮೇಲೆ ನೋಡುತ್ತಿದ್ದರು, ಮೊದಲು ಹೆಗಲ ಮೇಲಿನ ವಸ್ತ್ರ ಸರಿಸಿ ಗಂಟು ನೋಡುತ್ತಿದ್ದರು.

ಒಂದು ದಿನ ರಾಜ ಎರಡೂ ಕಡೆಯವರನ್ನು ಕರೆಸಿದ.

"ಒಂದು ಕಣಿವೆಗೆ ಎರಡು ಮನೆ ಯಾಕೆ? ಇವತ್ತಿಂದ ಒಂದಾಗಿ. ಒಂದೇ ಹೆಸರು, ಒಂದೇ ರುಮಾಲು."

ಪಕ್ಕದಲ್ಲಿ ಪಾರುಪತ್ಯಗಾರ ಸೀಬಯ್ಯ ನಿಂತಿದ್ದ. ಪಲ್ಲಕ್ಕಿ ಮನೆಗಳ ಉಸ್ತುವಾರಿ ಅವನದೇ. "ಪ್ರಭು, ಒಂದೇ ಹೆಗಲು ಅಂತಲೂ ಸೇರಿಸಿ. ಒಬ್ಬ ಬಲಕ್ಕೆ ಒಬ್ಬ ಎಡಕ್ಕೆ ಹೊತ್ತರೆ ಒಂದಾದದ್ದು ಹೇಗೆ ಕಾಣಬೇಕು?" ಅಂದ.

ಪಲ್ಲಕ್ಕಿಯಲ್ಲಿ ಕೂತು ಗೊತ್ತಿತ್ತೇ ಹೊರತು ಹೊತ್ತು ಗೊತ್ತಿಲ್ಲದ ರಾಜ. ಹೌದಲ್ಲ ಅನ್ನಿಸಿತು. "ಸರಿ, ಒಂದೇ ಹೆಗಲು. ಯಾರ ಹೆಗಲು, ಯಾರ ರುಮಾಲು ಅನ್ನೋದನ್ನ ಮೂರು ಸವಾರಿ ನೋಡಿ ಹೇಳ್ತೀನಿ" ಅಂದ.

ಸೀಬಯ್ಯನ ಲೆಕ್ಕ ಬೇರೆ. ಅವನ ಬಾಮೈದನ ಹತ್ತಿರ ನಲವತ್ತು ತಟ್ಟು ಕುದುರೆ ಸುಮ್ಮನೆ ಹುಲ್ಲು ತಿಂದುಕೊಂಡು ನಿಂತಿದ್ದವು. ಪಲ್ಲಕ್ಕಿ ನಿಂತರೆ ಕಣಿವೆಯಲ್ಲಿ ತಟ್ಟು ಓಡುತ್ತವೆ. ಪಲ್ಲಕ್ಕಿ ನಿಲ್ಲಬೇಕಾದರೆ ಹೊರುವವರು ಕಚ್ಚಾಡಬೇಕು.

ಮೊದಲ ಸವಾರಿ ಬೆಲ್ಲದ ಸಾಹುಕಾರನದು. ಅವತ್ತು ಎಲ್ಲರೂ ಬಲ ಹೆಗಲು ಕೊಡಬೇಕು ಅಂತಾಯಿತು. ಹೊಳೆಮನೆಯವರ ಬಲ ಹೆಗಲು ಎಳೇದು, ಗಂಟಿಲ್ಲ. ಅರ್ಧ ಹರದಾರಿಗೆ ಚರ್ಮ ಸುಲಿಯಿತು. ಅವರು ಕುಗ್ಗಿದರು, ಪಲ್ಲಕ್ಕಿ ವಾಲಿತು, ಸಾಹುಕಾರ ಕೆಸರಿಗೆ ಬಿದ್ದ.

"ಏನಪ್ಪಾ ಕದರಪ್ಪ, ನಿಮ್ಮೋರ ಹೆಗಲನ್ನ ಬೆಣ್ಣೇಲಿ ಮಾಡಿದ್ದಾ?" ಅಂದ ಓಬಣ್ಣ.

ಎರಡನೇ ಸವಾರಿ ಅರಮನೆಯ ಪಂಡಿತರದು. ಅವತ್ತು ಎಲ್ಲರೂ ಎಡ ಹೆಗಲು. ಈ ಸಲ ಸುಲಿದದ್ದು ಕೋಟೆಮನೆಯವರ ಚರ್ಮ. ಪಲ್ಲಕ್ಕಿ ವಾಲಿತು, ಪಂಡಿತರು ಔಷಧಿ ಚೀಲದ ಸಮೇತ ಪೊದೆಗೆ ಬಿದ್ದರು.

"ಓಬಣ್ಣ, ಬೆಣ್ಣೆ ನಿಮ್ಮ ಕಡೆಗೂ ಬಂತಲ್ಲೋ" ಅಂದ ಕದರಪ್ಪ.

ರಾಜನಿಗೆ ಸಿಟ್ಟು ಬಂತು. "ಮೂರನೇ ಸವಾರಿ ನನ್ನ ಮಗಳದು. ಏಳು ತಿಂಗಳ ಬಸುರಿ, ಹೆರಿಗೆಗೆ ತವರಿಗೆ ಬರ್ತಿದ್ದಾಳೆ. ಅವಳು ಕೂತ ಪಲ್ಲಕ್ಕಿ ಒಂದು ಸಲ ಅಲುಗಿದರೂ ನಿಮ್ಮ ಮನೆಗೆ ಬೀಗ. ಕೇರಿ ಖಾಲಿ ಮಾಡಿಕೊಂಡು ಹೋಗ್ತಾ ಇರಿ."

ಕೇರಿಯಲ್ಲಿ ಇದ್ದದ್ದು ಅರವತ್ತು ಒಲೆ.

ಮಾರನೇ ಬೆಳಗ್ಗೆ ಸೀಬಯ್ಯ ಓಬಣ್ಣನನ್ನು ಬಾವಿಕಟ್ಟೆ ಹತ್ತಿರ ಕರೆದ. "ನರಿಕಣಿವೆಯ ತಿರುವಿನಲ್ಲಿ ನಿಮ್ಮೋರು ತಟಕ್ಕನೆ ಹೆಗಲು ಬದಲಿಸಿಬಿಡಿ. ಒಂಚೂರು ಅಲುಗುತ್ತೆ, ಅಮ್ಮಾವ್ರಿಗೇನೂ ಆಗಲ್ಲ. ತಪ್ಪು ಹೊಳೆಮನೆಯವರದು ಅಂತ ನಾನು ಹೇಳ್ತೀನಿ. ಕೆಂಪು ರುಮಾಲು ಉಳಿಯುತ್ತೆ." ಆಮೇಲೆ ಕದರಪ್ಪನನ್ನು ಲಾಯದ ಹಿಂದೆ ಕರೆದ. ಅದೇ ಮಾತು, ರುಮಾಲಿನ ಬಣ್ಣ ಮಾತ್ರ ಬೇರೆ.



ಎರಡೂ ಮನೆ ಒಂದಾದ ಮೇಲೆ ಹೊರುವವರ ಅಡಿಗೆಮನೆಯೂ ಒಂದಾಗಿತ್ತು. ಅಡಿಗೆಯವಳು ಮಾರಕ್ಕ. ಕೆಂಪಿನವರು ಆ ಗೋಡೆಗೆ, ಬಿಳಿಯವರು ಈ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದರು. ಮಾರಕ್ಕ ಬಿಸಿ ಹರಳೆಣ್ಣೆಗೆ ಅರಿಶಿನ ಕಲಸಿ ಎಲ್ಲರ ಸುಲಿದ ಹೆಗಲಿಗೂ ಹಚ್ಚುತ್ತಿದ್ದಳು. ಹಚ್ಚಿಸಿಕೊಳ್ಳುವಾಗ ಓಬಣ್ಣ ಬಾಯಿಬಿಟ್ಟ. "ಅಕ್ಕಾ, ಬಸುರಿ ಹೆಣ್ಣನ್ನ ಅಲುಗಿಸು ಅಂತಾರೆ. ಅಲುಗಿಸಲಿಲ್ಲ ಅಂದ್ರೆ ರುಮಾಲು ಹೋಗುತ್ತೆ." ಅವನು ಎದ್ದುಹೋದ ಮೇಲೆ ಕದರಪ್ಪ ಬಂದು ಕೂತ. ಅವನೂ ಅದನ್ನೇ ಹೇಳಿದ, ಒಂದು ಅಕ್ಷರ ಆಚೀಚೆ ಇಲ್ಲದೆ.

ಮಾರಕ್ಕ ಇಬ್ಬರನ್ನೂ ಒಲೆ ಮುಂದೆ ಎದುರುಬದುರು ಕೂರಿಸಿದಳು.

"ನಿನಗೆ ಹೇಳಿದ್ದೇ ಅವನಿಗೂ ಹೇಳವ್ರೆ. ಎರಡು ತಟ್ಟೆಗೂ ಒಂದೇ ಸೌಟು. ಇಬ್ಬರೂ ಒಟ್ಟಿಗೆ ಹೆಗಲು ತೆಗೆದರೆ ಆ ತಿರುವಿನಲ್ಲಿ ಅಮ್ಮಾವ್ರು ಎಲ್ಲಿಗೆ ಹೋಗ್ತಾರೆ, ಯೋಚನೆ ಮಾಡ್ರಿ."

ಮಾರಕ್ಕ ಒಲೆಗೆ ಕಟ್ಟಿಗೆ ತಳ್ಳಿದಳು.

"ಇನ್ನೊಂದು ಕೇಳ್ತೀನಿ. ನೊಗಕ್ಕೆ ಎರಡು ಎತ್ತು ಕಟ್ಟುವಾಗ ಎರಡನ್ನೂ ಒಂದೇ ಕಡೆ ಕಟ್ತಾರಾ? ಇಷ್ಟು ದಿನ ಎಣ್ಣೆ ಹಚ್ಚಿದ ಕೈ ಇದು. ನಿಮ್ಮ ಗಂಟು ಬಲಕ್ಕೆ, ಅವರ ಗಂಟು ಎಡಕ್ಕೆ. ಪಲ್ಲಕ್ಕಿ ಬೊಂಬಿನ ಒಂದು ಕಡೆ ನೀವು ನಿಲ್ಲಿ, ಇನ್ನೊಂದು ಕಡೆ ಅವರು ನಿಲ್ಲಲಿ. ಪಲ್ಲಕ್ಕಿ ಯಾವ ಕಡೆಗೆ ವಾಲುತ್ತೆ, ನೋಡೇಬಿಡೋಣ."

"ನಮ್ಮಜ್ಜ ಕೇಳಿದ್ದರೆ ಬೈತಿದ್ದ" ಅಂದ ಓಬಣ್ಣ.

"ನಿಮ್ಮಜ್ಜ ಬರಲ್ಲ ಹೊರೋಕೆ" ಅಂದ ಕದರಪ್ಪ. ಓಬಣ್ಣನಿಗೆ ನಗು ಬಂತು.

ಮೂವರೂ ರಾಜನ ಹತ್ತಿರ ಹೋದರು. ಮಾರಕ್ಕನೇ ಮಾತಾಡಿದಳು. "ಬುದ್ಧಿ, ಅಮ್ಮಾವ್ರನ್ನ ಹೊರೋ ಮುಂಚೆ ಒಂದು ಸಲ ಅವರವರ ಹೆಗಲ ಮೇಲೇ ಹೊತ್ತು ಪರೀಕ್ಷೆ ಆಗಲಿ. ಅಷ್ಟೇ ಹೊಟ್ಟೆ ಇರೋರು ಯಾರಾದರೂ ಕೂತ್ಕೋಬೇಕು. ನೋಡಿದರೆ ಪಾರುಪತ್ಯಗಾರರೇ ಸರಿಹೋಗ್ತಾರೆ."

ಸಭೆ ನಕ್ಕಿತು. ಸೀಬಯ್ಯ, "ನನಗೆ ಮೊಣಕಾಲು ನೋವು" ಅಂದ.

"ನಡೆಯೋದು ಅವರು, ನೀನಲ್ಲ. ಹತ್ತು" ಅಂದ ರಾಜ. ತಾನೂ ಪಕ್ಕದಲ್ಲಿ ನಡೆದುಕೊಂಡು ಹೊರಟ.

ಕೆಂಪಿನವರು ಒಂದು ಕಡೆ, ಬಿಳಿಯವರು ಒಂದು ಕಡೆ. ಪಲ್ಲಕ್ಕಿ ಎದ್ದಿತು. ಏರು ಹತ್ತಿತು, ವಾಲಲಿಲ್ಲ. ಹಳ್ಳ ದಾಟಿತು, ವಾಲಲಿಲ್ಲ. ತಿರುವಿಗೆ ಬಂತು. ಎಡಕ್ಕೆ ಬಂಡೆ, ಬಲಕ್ಕೆ ಪಾತಾಳ.

ಓಬಣ್ಣ ನಿಂತ. ಎಲ್ಲರೂ ನಿಂತರು. ಅವನು ಪರದೆ ಕಡೆ ತಿರುಗಿ ಸೀಬಯ್ಯನನ್ನು ಕೇಳಿದ:

"ಬುದ್ಧಿ, ನೀವು ಹೇಳಿದ ತಿರುವು ಬಂತು. ಹೆಗಲು ಬದಲಿಸಲಾ?"

ಆ ಕಡೆಯಿಂದ ಕದರಪ್ಪ ಕೇಳಿದ, "ಬುದ್ಧಿ, ನನಗೂ ಹಂಗೇ ಅಪ್ಪಣೆ ಆಗಿತ್ತಲ್ಲ. ನಾವೂ ಬದಲಿಸಲಾ?"

ಪರದೆ ಹಿಂದೆ ಸೀಬಯ್ಯ ಕೆಳಗೆ ನೋಡಿದ. ನೆಲ ಕಾಣಲಿಲ್ಲ. ಎರಡೂ ಕೈಯಲ್ಲಿ ಬೊಂಬು ತಬ್ಬಿಕೊಂಡ.

"ಬೇಡ್ರೋ, ಬೇಡ. ಇವತ್ತಲ್ಲ. ನಾನು ಹೇಳಿದ್ದು ಅಮ್ಮಾವ್ರು ಕೂತಾಗ."

ಕಣಿವೆಯಲ್ಲಿ ಆ ಮಾತು ಎರಡು ಸಲ ಕೇಳಿಸಿತು. ರಾಜ ಪರದೆ ಸರಿಸಿದ.

"ಇಳಿ" ಅಂದ.

ಅವತ್ತಿಂದ ಸೀಬಯ್ಯನ ಕೆಲಸ ಪಲ್ಲಕ್ಕಿಗಿಂತ ಮುಂದೆ ನಡೆದು ದಾರಿಯ ಮುಳ್ಳು ಗುಡಿಸುವುದು. ಬಾಮೈದನ ತಟ್ಟುಗಳು ಹುಲ್ಲು ತಿನ್ನುತ್ತಾ ಅಲ್ಲೇ ಉಳಿದವು.

ಒಂದೇ ಹೆಗಲು ಅನ್ನುವ ಅಪ್ಪಣೆಯನ್ನು ರಾಜ ಹಿಂತೆಗೆದುಕೊಂಡ. ರುಮಾಲಿನ ಮಾತು ಮಾತ್ರ ಬಗೆಹರಿಯಲಿಲ್ಲ, ಸುಳ್ಳು ಯಾಕೆ ಹೇಳಲಿ. ಕೆಂಪು ಹೆಚ್ಚೋ ಬಿಳಿ ಹೆಚ್ಚೋ ಅಂತ ಊಟಕ್ಕೆ ಕೂತಾಗ ಆಮೇಲೂ ಜಗಳ ಆಡುತ್ತಿದ್ದರು. ಆದರೆ ಬೊಂಬಿಗೆ ಹೆಗಲು ಕೊಟ್ಟ ಮೇಲೆ ಆ ಮಾತು ಎತ್ತುತ್ತಿರಲಿಲ್ಲ.

ಮೂರು ದಿನ ಬಿಟ್ಟು ರಾಜನ ಮಗಳ ಸವಾರಿ. ಕಣಿವೆಯ ಆಚೆ ಬದಿಯಲ್ಲಿ ಪಲ್ಲಕ್ಕಿ ಹತ್ತಿದಳು, ಹಾಗೇ ಕಣ್ಣು ಹತ್ತಿತು. ಏರು, ಹಳ್ಳ, ತಿರುವು ಎಲ್ಲ ಆಯಿತು. ಅರಮನೆ ಬಾಗಿಲಲ್ಲಿ ಪಲ್ಲಕ್ಕಿ ಇಳಿಸಿದರು. ಅವಳು ಕಣ್ಣುಜ್ಜಿಕೊಂಡು ಪರದೆ ಒಳಗಿಂದಲೇ ಕೇಳಿದಳು:

"ಯಾಕಣ್ಣಾ, ಇನ್ನೂ ಹೊರಡಲಿಲ್ವಾ?"

ನೋಡಿ, ಒಳಗೆ ಕೂತವರಿಗೆ ಹೊರುವವನ ರುಮಾಲು ಕಾಣುವುದಿಲ್ಲ, ಹೆಜ್ಜೆ ತಿಳಿಯುತ್ತದೆ. ಒಂದಾಗುವುದು ಅಂದರೆ ಎಲ್ಲರೂ ಒಂದೇ ಥರ ಆಗುವುದಲ್ಲ, ಅವರವರ ಹೆಗಲನ್ನು ಒಂದೇ ಬೊಂಬಿಗೆ ಕೊಡುವುದು. ಇಬ್ಬರ ಕಿವಿಯಲ್ಲೂ ಒಂದೇ ಮಾತು ಊದುವವನನ್ನು ಮೊದಲು ಪಲ್ಲಕ್ಕಿಯಲ್ಲಿ ಕೂರಿಸಿ.