ಗೂಡಿನೊಳಗಿನ ಕುಂಕುಮ

“ಉಪಕಾರ ಮಾಡಿದವರನ್ನ ಹೆಂಗ ನೆನೀಬೇಕು, ಅಜ್ಜಾರ?” ಎಂದು ಶಿಷ್ಯ ಶಂಭುಲಿಂಗ ಕೇಳಿದ.

ಅವರಿಬ್ಬರೂ ಇದ್ದ ಮಠ ಇರುವುದು ಬೆಳಗಾವಿ ಕಡೆಯ ಒಂದು ಕೈಗಾರಿಕಾ ವಸಾಹತಿನ ಬೆನ್ನಿಗೆ. ಲೇತು, ಮಿಲ್ಲಿಂಗ್ ಮಷೀನುಗಳ ಸದ್ದು ಜಗಲಿಯವರೆಗೂ ಕೇಳುತ್ತದೆ. ಮಠದ ಸ್ವಾಮಿಗಳಾದ ಅಜ್ಜಾರು ಇಲ್ಲಿಗೆ ಬರುವ ಮುಂಚೆ ಆ ವಸಾಹತಿನಲ್ಲಿಯೇ ಫಿಟ್ಟರ್ ಆಗಿದ್ದವರು. ಹಾಗಾಗಿ ಅವರ ಕತೆಗಳಲ್ಲಿ ರಾಜರು ಕಡಿಮೆ, ಮೇಸ್ತ್ರಿಗಳು ಹೆಚ್ಚು. ಅಂದು ಅವರು ಹೇಳಿದ ಕತೆ ಇದು.

ಒಬ್ಬ ಮೇಸ್ತ್ರಿ ಇದ್ದ. ಅವನ ಕೆಲಸ ನೀರೆತ್ತುವ ಪಂಪಿನ ಬೀಡುಕಬ್ಬಿಣದ ಮುಚ್ಚಳಗಳ ಮುಖವನ್ನು ಮಿಲ್ಲಿಂಗ್ ಮಷೀನಿನಲ್ಲಿ ನಯ ಮಾಡುವುದು. ಮುಖ ನಯವಾಗಿದ್ದರೆ ಮುಚ್ಚಳ ಪಂಪಿಗೆ ಕಚ್ಚಿ ಕೂರುತ್ತದೆ, ಇಲ್ಲವಾದರೆ ಸಂದಿಯಲ್ಲಿ ನೀರು ಸೋರುತ್ತದೆ. ಇಪ್ಪತ್ತೆರಡು ವರ್ಷ ಅವನು ಒಂದೇ ಮಷೀನಿನ ಮುಂದೆ ನಿಂತಿದ್ದ. ಆರನೇ ಇಯತ್ತೆ ದಾಟದವನಿಗೆ ಅದು ಅನ್ನ ಕೊಟ್ಟಿತ್ತು. ತಾಯಿಯ ಕಣ್ಣಿನ ಆಪರೇಶನ್ ಮಾಡಿಸಿತ್ತು. ಮಗಳನ್ನು ನರ್ಸಿಂಗ್ ಓದಿಸಿತ್ತು. ಅವನು ಇದನ್ನು ಮರೆತವನಲ್ಲ. ಬೆಳಿಗ್ಗೆ ಮಷೀನು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಸ್ವಿಚ್ಚು ಹಾಕುತ್ತಿರಲಿಲ್ಲ.

ಮಹಾನವಮಿಯ ಆಯುಧ ಪೂಜೆ ಬಂತು. ಎಲ್ಲರೂ ತಮ್ಮ ಮಷೀನಿನ ಹಣೆಗೆ ಕುಂಕುಮ ಹಚ್ಚಿ, ಹೂ ಮುಡಿಸಿ, ಕಾಯಿ ಒಡೆದರು. ಮೇಸ್ತ್ರಿಗೆ ಅಷ್ಟು ಸಾಲದೆನಿಸಿತು. ಹಣೆ ಕೆಲಸ ಮಾಡುವುದಿಲ್ಲ, ಕೆಲಸ ಮಾಡುವುದು ಹಲ್ಲು ಎಂದು ಅವನ ಲೆಕ್ಕ. ಆ ಮಷೀನಿನ ಕಟರ್ ಒಂದು ಸಣ್ಣ ತಟ್ಟೆಯಷ್ಟು ಅಗಲ. ಅದರ ಅಂಚಿಗೆ ಕೊರೆಯುವ ಹಲ್ಲುಗಳಾಗಿ ಆರು ಟಿಪ್‌ಗಳು, ಒಂದೊಂದೂ ತನ್ನ ಗೂಡಿನಲ್ಲಿ ಕೂತು ಸ್ಕ್ರೂನಿಂದ ಬಿಗಿದಿರುತ್ತದೆ. ಅವನು ಆರನ್ನೂ ಬಿಚ್ಚಿದ. ಕುಂಕುಮವನ್ನು ನೀರಿನಲ್ಲಿ ಕಲಸಿ, ಉಂಗುರದ ಬೆರಳಿನಿಂದ ಪ್ರತಿ ಗೂಡಿನೊಳಗೂ ಒಂದು ಬೊಟ್ಟು ಇಟ್ಟ. ಅದರ ಮೇಲೆ ಟಿಪ್ ಕೂರಿಸಿ ಬಿಗಿದ. ಯಾರಿಗೂ ಹೇಳಲಿಲ್ಲ, ಹೇಳಿಕೊಂಡರೆ ಭಕ್ತಿಯ ತೂಕ ಇಳಿಯುತ್ತದೆ ಎಂದು.

ಇಲ್ಲಿ ಶಂಭುಲಿಂಗ ನಕ್ಕ. ಅಜ್ಜಾರು ಅವನನ್ನು ಗದರಿಸಿದರು. ಆ ಬೊಟ್ಟಿನಲ್ಲಿ ಸುಳ್ಳಿರಲಿಲ್ಲ, ಅಂಥ ಮನಸ್ಸು ನಿನಗೂ ನನಗೂ ಬರಲಿ ಎಂದರು. ಮತ್ತೆ ಮುಂದುವರಿಸಿದರು.

ದಸರೆ ಕಳೆದು ಕೆಲಸ ಶುರುವಾಯಿತು. ಮುಚ್ಚಳದ ಮುಖದ ಮೇಲೆ ಗೆರೆಗಳು ಬಿದ್ದವು. ಮೇಸ್ತ್ರಿ ಮಷೀನಿನ ವೇಗ ಹೆಚ್ಚಿಸಿದ, ಗೆರೆ ಹೋಗಲಿಲ್ಲ. ಮುಚ್ಚಳ ಮುಂದೆ ಸರಿಯುವ ವೇಗ ತಗ್ಗಿಸಿದ. ಗೆರೆಗಳು ಹತ್ತಿರ ಹತ್ತಿರ ಬಂದವು, ಹೋಗಲಿಲ್ಲ. ಮುಚ್ಚಳವನ್ನು ಇನ್ನೂ ಬಿಗಿಯಾಗಿ ಹಿಡಿಸಿ ನೋಡಿದ. ಬೀಡು ಕೆಟ್ಟದ್ದು ಎಂದು ಎರಕದವರ ಜೊತೆ ಜಗಳ ತೆಗೆದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಎರಕದವನು ಪಾಪ ಬೈಸಿಕೊಂಡ. ಕಡೆಗೆ ಟಿಪ್ ಸವೆದಿರಬೇಕೆಂದು ಆರನ್ನೂ ಬದಲಿಸಿದ. ಬದಲಿಸುವಾಗ, ಹಳೆಯ ಬೊಟ್ಟು ಮಾಸಿದೆಯಲ್ಲ ಎಂದು ಅದರ ಮೇಲೆಯೇ ಹೊಸ ಬೊಟ್ಟು ಇಟ್ಟ.

ಗೆರೆ ಇನ್ನೂ ಆಳವಾಯಿತು. ದೇವಿ ಮುನಿದಿದ್ದಾಳೆ ಎಂದುಕೊಂಡ. ಮಂಗಳವಾರ, ಶುಕ್ರವಾರ ಟಿಪ್ ಬಿಚ್ಚಿ ಬೊಟ್ಟಿಡುವುದು ರೂಢಿಯಾಯಿತು. ಗೂಡು ತೆರೆದಾಗಲೆಲ್ಲ ಆ ಕೆಂಪು ಅವನ ಕಣ್ಣಿಗೆ ಬೀಳುತ್ತಿತ್ತು. ಆದರೆ ಅವನಿಗೆ ಅದು ಕಸವಾಗಿ ಕಾಣಲಿಲ್ಲ, ಪೂಜೆಯಾಗಿ ಕಂಡಿತು.

ಪಂಪಿನ ಕಂಪನಿಯವರು ಎರಡು ಸಲ ಮುಚ್ಚಳಗಳನ್ನು ಹಿಂದಕ್ಕೆ ಕಳಿಸಿದರು. ಮಾಲೀಕ ಒಬ್ಬ ರಿಪೇರಿಯವನನ್ನು ಕರೆಸಿದ. ಅವನು ಕೂದಲೆಳೆಯಷ್ಟು ಏರುಪೇರನ್ನೂ ತೋರಿಸುವ ಡಯಲ್ ಹಿಡಿದು ಮಷೀನಿನ ತಲೆ ವಾಲಿದೆಯೇ, ಬೇರಿಂಗ್ ಸವೆದಿದೆಯೇ ಎಂದು ನೋಡಿದ. ಟಿಪ್‌ಗಳನ್ನು ನೋಡಹೋದಾಗ ಮೇಸ್ತ್ರಿ ತಡೆದ. ಅವನ್ನು ನಾನೇ ಕೈಯಾರೆ ಕೂರಿಸಿದ್ದೇನೆ, ಅಲ್ಲಿ ತಪ್ಪಿರುವುದಿಲ್ಲ ಎಂದ. ರಿಪೇರಿಯವನಿಗೆ ಬೇರೆ ಏನೂ ಸಿಗಲಿಲ್ಲ. ಮಷೀನಿಗೆ ವಯಸ್ಸಾಗಿದೆ ಎಂದು ಹೇಳಿ ಹೋದ. ಸೋಮವಾರದೊಳಗೆ ಮುಖ ನಯವಾಗಿ ಬರದಿದ್ದರೆ ಮಷೀನನ್ನು ಗುಜರಿಗೆ ಹಾಕುವುದು ಎಂದು ಮಾಲೀಕ ತೀರ್ಮಾನಿಸಿದ.

ಶನಿವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದರೂ ಮೇಸ್ತ್ರಿ ಎದ್ದಿರಲಿಲ್ಲ. ಮಷೀನಿಗೆ ಒರಗಿ ಕೂತಿದ್ದ. ಗಂಡಸು ಅಳಬಾರದು ಎನ್ನುವವರು ಅವನನ್ನು ಅಂದು ನೋಡಬೇಕಿತ್ತು. ಬಾಗಿಲ ಬಳಿ ಒಬ್ಬ ಹೆಂಗಸು ಕೂತಿದ್ದಳು. ಮೇಸ್ತ್ರಿ ಮುಗಿಸಿದ ಮುಚ್ಚಳಗಳ ಚೂಪು ಅಂಚನ್ನು ಅರದಿಂದ ಉಜ್ಜಿ ಮೊಂಡು ಮಾಡುವುದು ಅವಳ ಕೆಲಸ. ಅವನ ಮುಖ ನೋಡಲಾರದೆ ಅವಳು ಒಂದು ಮುಚ್ಚಳ ಹಿಡಿದು ಎದ್ದು ಬಂದಳು. ಅದರ ಮೇಲೆ ಅಡ್ಡಲಾಗಿ ಉಗುರು ಎಳೆದಳು. ಗೆರೆ ದಾಟಿದಾಗಲೆಲ್ಲ ಉಗುರು ಟಕ್ ಎಂದಿತು, ಒಂದೇ ಸಮ ಅಂತರಕ್ಕೆ.

“ಆರು ಮಂದಿ ನಡದ ದಾರ್ಯಾಗ ಒಬ್ಬನ ಹೆಜ್ಜಿ ಅಷ್ಟ ಮೂಡೇತಿ, ತಮ್ಮಾ,” ಎಂದಳು.

ಅವಳಿಗೆ ಇದು ಆರು ವಾರದಿಂದ ಗೊತ್ತಿತ್ತು. ದಸರೆಗೆ ಮುಂಚೆ ಉಗುರಿಗೆ ಏನೂ ತಾಗುತ್ತಿರಲಿಲ್ಲವಂತೆ. ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಮೇಸ್ತ್ರಿ ಪೆದ್ದನಲ್ಲ. ಕಟರ್ ಒಂದು ಸುತ್ತು ಬಂದರೆ ಒಂದೇ ಗೆರೆ ಬೀಳುತ್ತಿದೆ ಎಂದರೆ ಒಂದೇ ಟಿಪ್ ಮುಂದಕ್ಕೆ ಚಾಚಿಕೊಂಡು ಕೆಳಗಿನ ಮುಖವನ್ನು ಗೀರುತ್ತಿದೆ. ಉಳಿದ ಐದು ಅಲ್ಲಿಗೆ ಮುಟ್ಟುತ್ತಲೇ ಇಲ್ಲ. ಅವನು ಡಯಲ್ ಇಟ್ಟು ಒಂದೊಂದನ್ನೇ ಅಳೆದ. ಮೊದಲನೆಯದು ಉಳಿದವಕ್ಕಿಂತ ಕೂದಲಿನ ಅರ್ಧದಷ್ಟು ಎತ್ತರವಿತ್ತು. ಬಿಚ್ಚಿದ. ಬೆರಳನ್ನು ಕುಂಕುಮದಲ್ಲಿ ಅದ್ದಿದಾಗ ಮೊದಲ ಬೊಟ್ಟು ಯಾವಾಗಲೂ ದಪ್ಪ ಬೀಳುತ್ತದೆ. ಪ್ರತಿ ಸಲವೂ ಅವನು ಶುರು ಮಾಡಿದ್ದು ಅದೇ ಗೂಡಿನಿಂದ. ಅಲ್ಲಿ ಕುಂಕುಮ ಒಣಗಿ ಹಕ್ಕಳೆಗಟ್ಟಿತ್ತು.

ಅದನ್ನು ಒರೆಸಲು ಅವನ ಕೈ ಏಳಲಿಲ್ಲ. ಪೂಜಿಸಿದ್ದನ್ನು ಕೆರೆದು ತೆಗೆಯುವುದು ಹೇಗೆ? ಕಡೆಗೆ ಹೆಗಲ ಮೇಲಿನ ಟವೆಲ್ಲಿನ ಅಂಚಿನಿಂದ ಆರು ಗೂಡುಗಳನ್ನೂ ಒರೆಸಿದ. ಗಟ್ಟಿಯಾದದ್ದನ್ನು ಬೆಂಕಿಕಡ್ಡಿಯಿಂದ ಬಿಡಿಸಿದ. ಕೆಂಪಾದ ಟವೆಲ್ಲನ್ನು ಕಣ್ಣಿಗೊತ್ತಿಕೊಂಡ. ಟಿಪ್ ಕೂರಿಸಿ ಮಷೀನು ಹಾಕಿದ. ಮುಚ್ಚಳದ ಮುಖ ನೀರು ನಿಂತ ಹಾಗೆ ಹೊರಬಂತು. ಉಗುರಿಗೆ ಏನೂ ತಾಗಲಿಲ್ಲ.

ಮಷೀನು ಉಳಿಯಿತು. ಮೇಸ್ತ್ರಿಗೆ ಸಂತೋಷ ತಡೆಯಲಾಗಲಿಲ್ಲ. ಅವನಿಗೆ ಉಪಕಾರ ಮಾಡಿದವರು ಈಗ ಇಬ್ಬರಾಗಿದ್ದರು. ಅವನು ಬಾಗಿಲ ಬಳಿ ಬಂದು ಆ ಹೆಂಗಸಿಗೆ ಕೈ ಮುಗಿದ. ನಿನ್ನ ಉಪಕಾರ ಹೆಂಗ ತೀರಿಸಲಿ ಅಕ್ಕಾ, ಸಂಕ್ರಾಂತಿಗೆ ಸೀರೆ ತರಲೇ, ಎಂದು ಕೇಳಿದ. ಅವಳು ಅರ ಕೆಳಗಿಟ್ಟು ಎರಡೂ ಅಂಗೈ ಬಿಚ್ಚಿ ತೋರಿಸಿದಳು. ಬೆರಳ ತುಂಬ ಗೀರುಗಳಿದ್ದವು. ಹಳೆಯವು ಬಿಳುಪಾಗಿದ್ದವು, ಹೊಸವು ಕೆಂಪಾಗಿದ್ದವು.

“ಸೀರಿ ಬ್ಯಾಡ, ತಮ್ಮಾ. ನಿನ್ನ ಮುಚ್ಚಳದ ಅಂಚು ಹನ್ನೊಂದು ವರ್ಷದಿಂದ ಕೈ ಕೊಯ್ತೈತಿ. ಅದನ್ನೀಟು ನೋಡು.”

ಟಿಪ್ ಸವೆದು ಮೊಂಡಾದರೆ ಬೀಡಿನ ಅಂಚು ಸಿಡಿದು ಗರಗಸದಂತಾಗುತ್ತದೆ. ಇನ್ನೆರಡು ದಿನ ಓಡಲಿ ಎಂದು ಸವೆದ ಟಿಪ್‌ನಲ್ಲೇ ಕೆಲಸ ಎಳೆಯುವುದು ಅವನ ಅಭ್ಯಾಸವಾಗಿತ್ತು. ಮುಚ್ಚಳದ ಮುಖ ನೋಡುತ್ತಿದ್ದ, ಅಂಚು ನೋಡುತ್ತಿರಲಿಲ್ಲ. ಹನ್ನೊಂದು ವರ್ಷ ಎಂಟು ಮಾರು ದೂರದಲ್ಲಿ ಕೂತವಳ ಕೈಯನ್ನು ಅವನು ಅಂದೇ ಮೊದಲು ನೋಡಿದ್ದು.

ಆಮೇಲೆ ಅವನು ಟಿಪ್‌ಗಳನ್ನು ವೇಳೆಗೆ ಸರಿಯಾಗಿ ಬದಲಿಸಿದ. ಬದಲಿಸುವಾಗ ಗೂಡನ್ನು ಒರೆಸಿದ, ಒರೆಸಿ ಬೆಳಕಿಗೆ ಹಿಡಿದು ನೋಡಿದ. ಮುಂದಿನ ವರ್ಷ ಆಯುಧ ಪೂಜೆಗೆ ಎಲ್ಲರ ಹಾಗೆ ಮಷೀನಿನ ಹಣೆಗೆ ಒಂದು ಬೊಟ್ಟು ಇಟ್ಟು ಸುಮ್ಮನಾದ. ಅವಳ ಬೆರಳುಗಳಲ್ಲಿ ಆಗ ಹಳೆಯ ಗೀರುಗಳು ಮಾತ್ರ ಇದ್ದವು.

ಕತೆ ಮುಗಿಯಿತು. ಶಂಭುಲಿಂಗನ ಕಣ್ಣು ತುಂಬಿ ಬಂದಿತ್ತು. ತನಗೆ ಅನ್ನ, ಅಕ್ಷರ, ನೆರಳು ಎಲ್ಲವೂ ಸಿಕ್ಕಿದ್ದು ಈ ಪಾದದಿಂದಲೇ ಎಂದು ಹೇಳಿ ನಮಸ್ಕಾರಕ್ಕೆ ಬಾಗಿದ. ಅಜ್ಜಾರು ಮಡಚಿ ಕೂತಿದ್ದ ಎರಡೂ ಕಾಲುಗಳ ಮೇಲೆ ಶಲ್ಯ ಎಳೆದುಕೊಂಡರು.

“ಮೂರು ವರ್ಷ ಆತು, ದಿನಾ ನನ್ನ ಪಾದಕ್ಕ ಹೂ ಏರಸ್ತಿ, ನಾ ಕುಂಟೋದು ಯಾವ ಕಾಲು, ಹೇಳು ನೋಡೂಣು.”