ಮುದುಕನ ಬಾಯೊಳಗೆ ನೀಲಿ

ನೀಲಿ ಎಂಬ ಪುಟ್ಟ ಮೀನು ಹವಳದ ದಿಬ್ಬದಲ್ಲಿ ದೊಡ್ಡ ಮೀನುಗಳ ಮೈಗೂ ಬಾಯಿಗೂ ಅಂಟಿದ ಹೇನುಗಳನ್ನು ಹೆಕ್ಕಿ ತಿಂದು ಬದುಕುತ್ತಿದ್ದಳು. ಒಂದು ದಿನ ಮುದಿ ಬಂಡೆಮೀನು ಬಂದು ಬಾಯಿ ತೆರೆದು ನಿಂತ. ಒಳಹೊಕ್ಕ ನೀಲಿಗೆ ಹೇನಿಗಿಂತ ಅವನ ಮೆತ್ತನೆಯ ವಸಡೇ ರುಚಿಯೆನಿಸಿತು. ಯಾರಿಗೂ ಕಾಣದೆಂದು ಒಂದು ಚೂರು ಕಚ್ಚಿ ನುಂಗಿದಳು. ಮುದುಕ ನೋವಿಗೆ ನಡುಗಿದ. ಆದರೂ ಬಾಯಿ ಮುಚ್ಚಲಿಲ್ಲ.

ಸರದಿಗೆ ಕಾದಿದ್ದ ಗಿಳಿಮೀನು ಹಿಂದೆ ಸರಿದು, "ಅವಳೇನಾದರೂ ಕಚ್ಚಿದಳೇ ಅಜ್ಜಾ?" ಎಂದು ಕೇಳಿದಳು.

"ಇಲ್ಲಮ್ಮ, ವಯಸ್ಸಾದ ಮೈ, ತಾನಾಗಿ ನಡುಗುತ್ತದೆ. ಇವಳ ಕೆಲಸ ಚೊಕ್ಕಟ. ಹೆದರದೆ ಬಾ," ಎಂದ ಮುದುಕ.

ನೀಲಿ ಅದನ್ನು ಕೇಳಿಸಿಕೊಂಡಳು. ಹೊರಬಂದು ಅವನ ಮುಖ ನೋಡುವುದು ಹೇಗೆಂದು ತಿಳಿಯದೆ, ಹೇನೆಲ್ಲ ಮುಗಿದ ಮೇಲೂ ಅವನ ಹಲ್ಲಿನ ಸಂದಿಗಳಲ್ಲಿ ಸುಮ್ಮನೆ ಹುಡುಕುತ್ತಲೇ ಉಳಿದಳು.